ಮಾತಿಗೆ ಅಂಕ ಕೊಡುವವರು ಯಾರು? ಪ್ರೌಢಶಾಲೆಯ ಇಂಗ್ಲಿಷ್ ಪರೀಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ

2025ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಮಕ್ಕಳು ಸುನುಂಗ್ ಬರೆದರು. ಪ್ರೌಢಶಾಲೆ ಮುಗಿಸಿ ಕಾಲೇಜಿಗೆ ಹೋಗುವವರಿಗೆ ಅಲ್ಲಿ ಇರುವ ದೊಡ್ಡ ಪರೀಕ್ಷೆ ಇದು. ಇಂಗ್ಲಿಷ್‌ನಲ್ಲಿ ನೂರಕ್ಕೆ 90 ಅಥವಾ ಅದಕ್ಕಿಂತ ಜಾಸ್ತಿ ತೆಗೆದವರಿಗೆಲ್ಲ ಮೊದಲ ದರ್ಜೆ. ಆ ಸಲ ಮೊದಲ ದರ್ಜೆ ಸಿಕ್ಕಿದ್ದು ಶೇ. 3.11 ಮಕ್ಕಳಿಗೆ ಮಾತ್ರ. ಪೋಷಕರು ಸಿಟ್ಟಾದರು, ಪತ್ರಿಕೆಗಳು ಬರೆದವು. ಕೊನೆಗೆ ಡಿಸೆಂಬರ್‌ನಲ್ಲಿ ಪ್ರಶ್ನೆಪತ್ರಿಕೆ ತಯಾರಿಸುವ ಸಂಸ್ಥೆಯ ಮುಖ್ಯಸ್ಥರು ರಾಜೀನಾಮೆ ಕೊಡಬೇಕಾಯಿತು.

ಪ್ರಶ್ನೆಪತ್ರಿಕೆ ಅಷ್ಟು ಕಷ್ಟವಾಗಿರಬೇಕಿತ್ತೇ ಅನ್ನುವುದು ಅಲ್ಲಿನ ಜಗಳ. ನನಗೆ ಆ ಪತ್ರಿಕೆಯಲ್ಲಿ ಏನಿಲ್ಲ ಅನ್ನುವುದೇ ಹೆಚ್ಚು ಕುತೂಹಲದ ವಿಷಯ. ಒಟ್ಟು 45 ಪ್ರಶ್ನೆ, 70 ನಿಮಿಷ. 17 ಪ್ರಶ್ನೆ ಕೇಳಿಸಿಕೊಂಡು ಉತ್ತರಿಸುವುದು, ಮಿಕ್ಕ 28 ಓದಿ ಉತ್ತರಿಸುವುದು. ಎಲ್ಲವೂ ಐದು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕುವಂಥವು. ಕೇಳುವ ಪ್ರಶ್ನೆಗಳು ನಡೆಯುವಾಗ ಸದ್ದಾಗಬಾರದೆಂದು ಅರ್ಧ ಗಂಟೆಗೂ ಮೀರಿ ದೇಶದಲ್ಲಿ ವಿಮಾನ ಏರುವುದನ್ನೂ ಇಳಿಯುವುದನ್ನೂ ನಿಲ್ಲಿಸುತ್ತಾರೆ. ಇಷ್ಟೆಲ್ಲ ಕಾಳಜಿ ಇರುವ ಪರೀಕ್ಷೆಯಲ್ಲಿ ಮಗು ಇಂಗ್ಲಿಷ್‌ನಲ್ಲಿ ಒಂದು ಮಾತು ಆಡಬೇಕಿಲ್ಲ, ಒಂದು ವಾಕ್ಯ ಬರೆಯಬೇಕಿಲ್ಲ.

ಇದನ್ನು ಕೊರಿಯಾದ ವಿಚಿತ್ರ ಎಂದು ತಳ್ಳಿಹಾಕಬಹುದಿತ್ತು. ಆದರೆ ಬೇರೆ ಬೇರೆ ದೇಶಗಳ ಪರೀಕ್ಷೆಗಳನ್ನು ನೋಡುತ್ತಾ ಹೋದರೆ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕೂ ಬೇಕು ಎಂದು ಪಠ್ಯಕ್ರಮ ಎಲ್ಲ ಕಡೆಯೂ ಹೇಳುತ್ತದೆ. ಆದರೆ ಪರೀಕ್ಷೆಯಲ್ಲಿ ಯಾವುದು ಉಳಿಯುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಪಠ್ಯಕ್ರಮ ಅಲ್ಲ. ಆ ಅಂಕವನ್ನು ಆಮೇಲೆ ಯಾತಕ್ಕೆ ಬಳಸುತ್ತಾರೆ, ಅದನ್ನು ಕೊಡುವುದು ಯಾರು ಎಂಬ ಎರಡು ಪ್ರಶ್ನೆಗಳು. ಅಂಕದಿಂದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೀಟು ಹಂಚುವುದಾದರೆ, ಮಾತು ಮೊದಲು ಹೊರಗೆ ಹೋಗುತ್ತದೆ. ಬರವಣಿಗೆ ಅದರ ಹಿಂದೆಯೇ ಹೊರಡುತ್ತದೆ.

ಯಾಕೆ ಹೀಗೆ? ಸ್ವಲ್ಪ ಲೆಕ್ಕ ಹಾಕೋಣ. ಸುಮಾರು ಐದು ಲಕ್ಷ ಮಕ್ಕಳು ಪರೀಕ್ಷೆ ಬರೆಯುತ್ತಾರೆ ಎಂದುಕೊಳ್ಳಿ. ಒಬ್ಬೊಬ್ಬರ ಜೊತೆ ಹತ್ತು ನಿಮಿಷ ಮಾತಾಡಬೇಕು. ಒಬ್ಬರೇ ಅಂಕ ಕೊಟ್ಟರೆ ತಕರಾರು ಬರುತ್ತದೆ, ಹಾಗಾಗಿ ಇಬ್ಬರು ಪರೀಕ್ಷಕರು ಬೇಕು. ಒಬ್ಬ ಪರೀಕ್ಷಕ ದಿನಕ್ಕೆ ಆರು ಗಂಟೆ ಕೂತರೂ, ಹತ್ತು ದಿನದಲ್ಲಿ ಮುಗಿಸಲು ಸುಮಾರು 2,800 ಪರೀಕ್ಷಕರು ಬೇಕಾಗುತ್ತಾರೆ. ಅಷ್ಟು ಜನರನ್ನು ಒಂದೇ ಅಳತೆಗೆ ತರಬೇಕು. ಮೊದಲ ದಿನದ ಪ್ರಶ್ನೆ ಹತ್ತನೇ ದಿನಕ್ಕೆ ಹಳತಾಗಿರುತ್ತದೆ, ಹಾಗಾಗಿ ದಿನಕ್ಕೊಂದು ಹೊಸ ಪ್ರಶ್ನೆ ಬೇಕು. ಎರಡು ಪ್ರಶ್ನೆಗಳ ಕಷ್ಟ ಒಂದೇ ಎಂದು ತೋರಿಸಬೇಕು. ಅಷ್ಟಾದ ಮೇಲೂ ಒಬ್ಬ ಹುಡುಗನಿಗೆ ಅರ್ಧ ಅಂಕ ಕಡಿಮೆ ಬಂದು ಸೀಟು ತಪ್ಪಿದರೆ, ಕೋರ್ಟಿನಲ್ಲಿ ತೋರಿಸಲು ಪುರಾವೆ ಇರಬೇಕು. ಗುರುತು ಹಾಕುವ ಪ್ರಶ್ನೆಗೆ ಈ ತಲೆನೋವು ಒಂದೂ ಇಲ್ಲ. ಮೆಷಿನ್ ಓದುತ್ತದೆ, ಉತ್ತರ ಒಂದೇ, ವಾದ ಮುಗಿಯಿತು.

ಕೊರಿಯಾ ಇದನ್ನು ಬದಲಿಸಲು ಹೊರಟಿತ್ತು. ನಾಲ್ಕೂ ಕೌಶಲಗಳಿರುವ ಒಂದು ರಾಷ್ಟ್ರೀಯ ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಯನ್ನು ಸರ್ಕಾರವೇ ತಯಾರು ಮಾಡಿತು. ಅದನ್ನು ಸುನುಂಗ್‌ನ ಇಂಗ್ಲಿಷ್ ಜಾಗಕ್ಕೆ ತರುವ ಯೋಚನೆ ಇತ್ತು. ಶಾಲೆಗಳು ಮಾತು, ಬರವಣಿಗೆ ಕಲಿಸಲು ಸಜ್ಜಾಗಿಲ್ಲ, ಪೋಷಕರು ಟ್ಯೂಷನ್‌ಗೆ ಇನ್ನಷ್ಟು ದುಡ್ಡು ಸುರಿಯುತ್ತಾರೆ ಎಂಬ ಭಯ ಹುಟ್ಟಿತು. ಸರ್ಕಾರ ಬದಲಾದ ಮೇಲೆ ಯೋಜನೆಯನ್ನು ಕೈಬಿಟ್ಟರು. ಆಮೇಲೆ ಮಾಡಿದ ಬದಲಾವಣೆ ಬೇರೆ. 2017ರ ನವೆಂಬರ್‌ನ ಪರೀಕ್ಷೆಯಿಂದ ಇಂಗ್ಲಿಷ್‌ಗೆ ಮಕ್ಕಳನ್ನು ಪರಸ್ಪರ ಹೋಲಿಸಿ ದರ್ಜೆ ಕೊಡುವುದನ್ನು ನಿಲ್ಲಿಸಿ, 90ರ ಗೆರೆ ಎಳೆದರು. ಆ ವರ್ಷ ಸುಮಾರು ಶೇ. 10ರಷ್ಟು ಮಕ್ಕಳು ಗೆರೆ ದಾಟಿದ್ದರು. ಸ್ಪರ್ಧೆಯ ಒತ್ತಡ ಇಳಿಸುವುದೇ ಉದ್ದೇಶ. ಆದರೆ ಗೆರೆ ಸ್ಥಿರವಾಗಿದ್ದರೆ ಪ್ರಶ್ನೆಪತ್ರಿಕೆಯ ಕಷ್ಟವೂ ಸ್ಥಿರವಾಗಿರಬೇಕಲ್ವಾ? ಅದು ಆಗಲಿಲ್ಲ ಎಂಬುದಕ್ಕೆ ಶೇ. 10 ಮತ್ತು ಶೇ. 3.11ರ ನಡುವಿನ ಅಂತರವೇ ಸಾಕ್ಷಿ.

ಜಪಾನಿನ ಕತೆ ಇನ್ನೂ ನಾಟಕೀಯ. ಅಲ್ಲಿ 2021ರ ಜನವರಿಯಿಂದ ಕಾಲೇಜು ಪ್ರವೇಶಕ್ಕೆ ಹೊಸ ಸಾಮಾನ್ಯ ಪರೀಕ್ಷೆ ಬರುವುದಿತ್ತು. ಇಂಗ್ಲಿಷ್‌ನ ಮಾತು ಮತ್ತು ಬರವಣಿಗೆಯನ್ನು ಸರ್ಕಾರ ತಾನೇ ಪರೀಕ್ಷಿಸದೆ, ಖಾಸಗಿ ಪರೀಕ್ಷೆಗಳಿಗೆ ಬಿಡಲು ತೀರ್ಮಾನಿಸಿತ್ತು. ಐಕೆನ್, ಜಿಟೆಕ್, ಟೋಫೆಲ್, ಐಇಎಲ್‌ಟಿಎಸ್, ಕೇಂಬ್ರಿಜ್ ಪರೀಕ್ಷೆಗಳು, ಹೀಗೆ ಪಟ್ಟಿ ದೊಡ್ಡದಿತ್ತು. ಮಗು ಯಾವುದನ್ನಾದರೂ ಬರೆಯಬಹುದು, ಅಂಕವನ್ನು ಭಾಷೆ ಎಷ್ಟು ಬರುತ್ತದೆ ಎಂದು ಅಳೆಯುವ ಯುರೋಪಿನ ಸಾಮಾನ್ಯ ಮಟ್ಟಗಳಿಗೆ ಹೊಂದಿಸಿ ನೋಡುತ್ತೇವೆ ಎಂದರು. ಒಂದೊಂದು ಪರೀಕ್ಷೆಯ ಉದ್ದೇಶವೂ ಬೇರೆ, ಶುಲ್ಕವೂ ಬೇರೆ. ವಿದೇಶಕ್ಕೆ ಓದಲು ಹೋಗುವವರಿಗಾಗಿ ಮಾಡಿದ ಪರೀಕ್ಷೆಯ ಅಂಕವನ್ನೂ ಶಾಲಾ ಮಕ್ಕಳಿಗಾಗಿ ಮಾಡಿದ ಪರೀಕ್ಷೆಯ ಅಂಕವನ್ನೂ ಒಂದೇ ಕೋಷ್ಟಕದಲ್ಲಿ ಕೂರಿಸುವುದು ಹೇಗೆ ಎಂದು ಭಾಷಾ ತಜ್ಞರು ಕೇಳುತ್ತಲೇ ಇದ್ದರು. ದೂರದ ದ್ವೀಪಗಳಲ್ಲಿ, ಹಳ್ಳಿಗಳಲ್ಲಿ ಇರುವ ಮಕ್ಕಳು ಪರೀಕ್ಷಾ ಕೇಂದ್ರಕ್ಕೆ ಬರುವುದೇ ಕಷ್ಟ. ನಗರದಲ್ಲಿ ಇರುವ, ದುಡ್ಡಿರುವ ಮನೆಯ ಮಗು ಮೊದಲೇ ಹಲವು ಸಲ ಬರೆದು ಪಳಗಬಹುದು.

2019ರ ಅಕ್ಟೋಬರ್‌ನಲ್ಲಿ ಶಿಕ್ಷಣ ಸಚಿವ ಹಗಿಉದಾ ಕೊಇಚಿ ಟಿವಿಯಲ್ಲಿ ಈ ಪ್ರಶ್ನೆಗೆ ಉತ್ತರಿಸುತ್ತಾ, ಮಕ್ಕಳು ತಮ್ಮ ಸ್ಥಿತಿಗತಿಗೆ ತಕ್ಕಂತೆ ಸ್ಪರ್ಧಿಸಲಿ ಎಂಬರ್ಥದ ಮಾತು ಆಡಿಬಿಟ್ಟರು. ಅಷ್ಟೇ ಸಾಕಾಯಿತು. ಪ್ರತಿಭಟನೆ ಜೋರಾಯಿತು, ನವೆಂಬರ್ 1ರಂದು ಅದೇ ಸಚಿವರು ಯೋಜನೆಯನ್ನು ಮುಂದೂಡಿದರು. 2021ರಲ್ಲಿ ಅದನ್ನು ಪೂರ್ತಿ ಬಿಟ್ಟರು. ಉಳಿದದ್ದು ಓದುವುದಕ್ಕೆ 100, ಕೇಳುವುದಕ್ಕೆ 100 ಅಂಕ. ಸುಮ್ನೆ ಹೇಳಬಾರದು, ಇದೂ ಒಂದು ಸುಧಾರಣೆಯೇ. ಹಳೆಯ ಪರೀಕ್ಷೆಯಲ್ಲಿ ಓದಿ ಗುರುತು ಹಾಕುವ ಪತ್ರಿಕೆಗೆ 200, ಕೇಳುವುದಕ್ಕೆ 50 ಇತ್ತು. ಉಚ್ಚಾರಣೆಯ ಒತ್ತು ಎಲ್ಲಿ ಬೀಳುತ್ತದೆ ಎಂದು ಕಾಗದದ ಮೇಲೆ ಗುರುತು ಹಾಕಿಸುವ ಪ್ರಶ್ನೆಗಳೂ ಹೋದವು. ಬಾಯಿ ಬಿಡದೆ ಉಚ್ಚಾರಣೆ ಪರೀಕ್ಷಿಸುವ ಆ ಪ್ರಶ್ನೆಗಳು ಇಷ್ಟು ದಿನ ಇದ್ದದ್ದೇ ಹೆಚ್ಚು.

ಟೋಕಿಯೊ ನಗರಾಡಳಿತ ಸಣ್ಣ ಮಟ್ಟದಲ್ಲಿ ಮತ್ತೆ ಪ್ರಯತ್ನಿಸಿತು. 2022ರ ನವೆಂಬರ್‌ನಿಂದ ಅಲ್ಲಿನ ಒಂಬತ್ತನೇ ತರಗತಿಯ ಮಕ್ಕಳಿಗೆ ಟ್ಯಾಬ್ಲೆಟ್ ಮುಂದೆ ಕೂತು ಮಾತಾಡುವ ಪರೀಕ್ಷೆ ಇದೆ. ಹೈಸ್ಕೂಲ್ ಪ್ರವೇಶದ 1,020 ಅಂಕಗಳಲ್ಲಿ ಇದಕ್ಕೆ 20. ಅಷ್ಟು ಚಿಕ್ಕ ಪಾಲಿಗೂ ಪಕ್ಕದವರ ದನಿ ಕೇಳಿಸಿತು ಎಂಬ ದೂರಿನಿಂದ ಹಿಡಿದು, ಪರೀಕ್ಷೆ ಬರೆಯದ ಮಕ್ಕಳಿಗೆ ಅಂದಾಜಿನ ಅಂಕ ಕೊಡುವುದು ಎಷ್ಟು ಸರಿ ಎಂಬ ತಕರಾರಿನವರೆಗೆ ಎಲ್ಲವೂ ಬಂದವು.

ಇದೆಲ್ಲ ಏಷ್ಯಾದ ಸ್ಪರ್ಧೆಯ ಹುಚ್ಚು ಎನ್ನುವವರು ಇಂಗ್ಲೆಂಡನ್ನು ನೋಡಬೇಕು. ಅಲ್ಲಿ ಇಂಗ್ಲಿಷ್ ಪರಭಾಷೆಯಲ್ಲ, ಹದಿನಾರರ ಮಕ್ಕಳು ಬರೆಯುವ ಜಿಸಿಎಸ್‌ಇಯ ಮುಖ್ಯ ವಿಷಯ. ಅದರಲ್ಲಿ ಮಾತು ಮತ್ತು ಆಲಿಸುವಿಕೆಗೆ ಶೇ. 20 ಪಾಲಿತ್ತು. ಮಕ್ಕಳ ಶಿಕ್ಷಕರೇ ಅಂಕ ಕೊಡುತ್ತಿದ್ದರು. 2013ರ ಆಗಸ್ಟ್‌ನಲ್ಲಿ ಪರೀಕ್ಷಾ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್, 2014ರ ಬೇಸಿಗೆಯಿಂದ ಈ ಪಾಲನ್ನು ಒಟ್ಟು ದರ್ಜೆಗೆ ಸೇರಿಸುವುದಿಲ್ಲ ಎಂದಿತು. ಶಾಲೆಯಿಂದ ಶಾಲೆಗೆ ಅಂಕ ಕೊಡುವ ರೀತಿ ಬೇರೆ, ಆಮೇಲೆ ಪರಿಶೀಲಿಸಲು ಗಟ್ಟಿ ದಾಖಲೆ ಇಲ್ಲ ಎಂಬುದು ಕಾರಣ. ಈಗ ಮಾತಿನ ಫಲಿತಾಂಶ ಪ್ರಮಾಣಪತ್ರದಲ್ಲಿ ಬೇರೆಯಾಗಿ ಬರುತ್ತದೆ, ದರ್ಜೆಯನ್ನು ಮುಟ್ಟುವುದಿಲ್ಲ. ಶಾಲೆಗಳನ್ನು ಫಲಿತಾಂಶದ ಪಟ್ಟಿಯಲ್ಲಿ ಹೋಲಿಸುವ ವ್ಯವಸ್ಥೆಯಲ್ಲಿ, ಅದೇ ಶಾಲೆಯ ಶಿಕ್ಷಕರ ಕೈಗೆ ಅಂಕ ಕೊಟ್ಟರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ತಪ್ಪು ಶಿಕ್ಷಕರದ್ದು ಎನ್ನಲಾರೆ. ಎರಡು ಕೆಲಸಕ್ಕೆ ಒಂದೇ ಅಂಕವನ್ನು ಬಳಸಿದವರದ್ದು.

ಸ್ವೀಡನ್ ಈ ತೊಡಕನ್ನು ಬೇರೆ ದಾರಿಯಲ್ಲಿ ಎದುರಿಸುತ್ತಿದೆ. ಒಂಬತ್ತನೇ ತರಗತಿಯ ರಾಷ್ಟ್ರೀಯ ಪರೀಕ್ಷೆಯಲ್ಲಿ ಇಂಗ್ಲಿಷ್‌ಗೆ ಮೂರು ಭಾಗ. ಇಬ್ಬರು ಮೂವರು ಮಕ್ಕಳು ಕೂತು ಮಾತಾಡುವುದು, ಓದುವುದು ಮತ್ತು ಕೇಳುವುದು, ಬರೆಯುವುದು. ಎಲ್ಲವೂ ಇದೆ. ತಿದ್ದುವುದು ಶಾಲೆಯ ಶಿಕ್ಷಕರೇ. ಶಾಲಾ ತಪಾಸಣಾ ಸಂಸ್ಥೆ ಕೆಲವು ಉತ್ತರಪತ್ರಿಕೆಗಳನ್ನು ತರಿಸಿ ಮತ್ತೆ ತಿದ್ದಿಸಿದಾಗ, ಎರಡನೇ ಸಲದ ಅಂಕ ಬಹಳ ಕಡೆ ಕಡಿಮೆ ಬಂತು. ಅದರಲ್ಲೂ ದೊಡ್ಡ ಉತ್ತರ ಬರೆಯುವ ಭಾಗಗಳಲ್ಲಿ. ಅಲ್ಲಿಂದ ಅಂಕ ಉಬ್ಬಿಸುವುದರ ಬಗ್ಗೆ ದೊಡ್ಡ ಚರ್ಚೆ ನಡೆದೇ ಇದೆ. ಆದರೂ ಮಾತಿನ ಭಾಗವನ್ನು ಅವರು ತೆಗೆದಿಲ್ಲ. ಅಂಕ ಸ್ವಲ್ಪ ಅಲುಗಾಡಿದರೂ ಪರವಾಗಿಲ್ಲ, ತರಗತಿಯಲ್ಲಿ ಮಕ್ಕಳು ಮಾತಾಡುವುದು ನಿಲ್ಲಬಾರದು ಎಂಬ ಆಯ್ಕೆ ಅದು.

ನೆದರ್ಲೆಂಡ್ಸ್‌ನ ಏರ್ಪಾಡು ನನಗೆ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. ಕಾಲೇಜಿಗೆ ಹೋಗುವ ಎರಡು ಧಾರೆಗಳಲ್ಲಿ, ಅಂದರೆ ಹಾವೊ ಮತ್ತು ವಿಡಬ್ಲ್ಯುಓಗಳಲ್ಲಿ, ಇಂಗ್ಲಿಷ್‌ನ ಕೇಂದ್ರ ಪರೀಕ್ಷೆ ಬರೀ ಓದಿ ಅರ್ಥಮಾಡಿಕೊಳ್ಳುವುದಷ್ಟೇ. ಕೇಳುವುದು, ಮಾತು, ಬರವಣಿಗೆ ಮೂರೂ ಶಾಲೆಯ ಪರೀಕ್ಷೆಗೆ ಸೇರುತ್ತವೆ. ಕೊನೆಯ ಅಂಕ ಎರಡರ ಸರಾಸರಿ. ದೂರದಿಂದ ನ್ಯಾಯವಾಗಿ ಅಳೆಯಬಹುದಾದದ್ದನ್ನು ದೂರದಿಂದ ಅಳೆಯುತ್ತಾರೆ, ಹತ್ತಿರದಿಂದ ಮಾತ್ರ ಕಾಣುವುದನ್ನು ಹತ್ತಿರದವರಿಗೇ ಬಿಡುತ್ತಾರೆ. ಒಂದು ಶಾಲೆಯ ಒಳಗಿನ ಅಂಕಕ್ಕೂ ಕೇಂದ್ರದ ಅಂಕಕ್ಕೂ ತುಂಬಾ ಅಂತರ ಬಂದರೆ ಅದು ಎದ್ದು ಕಾಣುತ್ತದೆ. ಇದಕ್ಕೂ ಬೆಲೆ ಇದೆ. ಕೇಂದ್ರದ ಅರ್ಧ ಭಾಗ ಬರೀ ಓದು ಆದ್ದರಿಂದ, ಕೊನೆಯ ವರ್ಷದ ತರಗತಿಗಳು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವ ಅಭ್ಯಾಸವಾಗುವ ಅಪಾಯ ಇದ್ದೇ ಇದೆ. ಯಾವ ಆಯ್ಕೆ ಸರಿ ಎಂದು ಮಕ್ಕಳು ಪ್ರತಿ ಮೇ ತಿಂಗಳಲ್ಲಿ ದೂರು ಕೊಡುವುದೂ ಅಲ್ಲಿ ಮಾಮೂಲು. ದೂರು ತೆಗೆದುಕೊಳ್ಳಲೆಂದೇ ವಿದ್ಯಾರ್ಥಿಗಳ ಸಂಘಟನೆಯೊಂದು ಇದೆ.

ಇನ್ನು ಸ್ಪರ್ಧೆಯೂ ಇರಲಿ, ಮಾತೂ ಇರಲಿ ಎಂದು ಹಟ ಹಿಡಿದ ಕಡೆಗಳು. ಹಾಂಗ್‌ಕಾಂಗ್‌ನಲ್ಲಿ ಪ್ರೌಢಶಾಲೆ ಮುಗಿಸುವವರಿಗಾಗಿ 2012ರಲ್ಲಿ ಶುರುವಾದ ಡಿಎಸ್‌ಇ ಪರೀಕ್ಷೆಯಲ್ಲಿ ಮಾತಿಗೆ ಶೇ. 10 ಪಾಲು. ಒಬ್ಬರಿಗೊಬ್ಬರು ಪರಿಚಯವಿಲ್ಲದ ನಾಲ್ವರು ಮಕ್ಕಳು ಹತ್ತು ನಿಮಿಷ ತಯಾರಾಗಿ, ಎಂಟು ನಿಮಿಷ ಚರ್ಚೆ ಮಾಡಬೇಕು. ಆಮೇಲೆ ಒಬ್ಬೊಬ್ಬರೂ ಒಂದು ನಿಮಿಷ ಪ್ರಶ್ನೆಗೆ ಉತ್ತರಿಸಬೇಕು. ಯೋಚನೆ ಚೆನ್ನಾಗಿದೆ. ಆದರೆ ಪಕ್ಕದವರ ಮಾತನ್ನು ಒಪ್ಪುವುದು ಹೇಗೆ, ನಯವಾಗಿ ಒಪ್ಪದಿರುವುದು ಹೇಗೆ, ಮಾತನ್ನು ಮೂರನೆಯವರಿಗೆ ದಾಟಿಸುವುದು ಹೇಗೆ ಎಂಬ ಸಿದ್ಧ ಸಾಲುಗಳನ್ನು ಬಾಯಿಪಾಠ ಮಾಡಿಸುವವರು ಹುಟ್ಟಿಕೊಂಡರು. ಶಾಲೆಯೇ ಕೊಡುವ ಅಂಕದ ಪಾಲೂ ಅಲ್ಲಿದೆ, ಆದರೆ ಅದನ್ನು ಹಾಗೇ ತೆಗೆದುಕೊಳ್ಳುವುದಿಲ್ಲ. ಆ ಶಾಲೆಯ ಮಕ್ಕಳು ಸಾರ್ವಜನಿಕ ಪರೀಕ್ಷೆಯಲ್ಲಿ ಹೇಗೆ ಮಾಡಿದರು ಎಂದು ನೋಡಿ ಹೊಂದಿಸುತ್ತಾರೆ. ಸಿಂಗಪುರ ತನ್ನ ಪ್ರೌಢಶಾಲಾ ಪರೀಕ್ಷೆಯಾದ ಓ ಲೆವೆಲ್‌ನಲ್ಲಿ ಮಾತಿಗೆ ಇದರ ಎರಡರಷ್ಟು, ಶೇ. 20 ಇಟ್ಟಿದೆ. ಮಗು ಒಂದು ಚಿಕ್ಕ ವಿಡಿಯೊ ನೋಡಿ ತನ್ನ ಅಭಿಪ್ರಾಯ ಹೇಳಬೇಕು, ಪರೀಕ್ಷಕರ ಜೊತೆ ಮಾತು ಮುಂದುವರಿಸಬೇಕು. ಚಿಕ್ಕ ದೇಶಕ್ಕೆ ಇದು ಸಾಧ್ಯ. ಮೇಲಿನ ಲೆಕ್ಕದಲ್ಲಿ ಐದು ಲಕ್ಷದ ಜಾಗದಲ್ಲಿ ಕೆಲವು ಹತ್ತು ಸಾವಿರ ಇಟ್ಟು ನೋಡಿ.

ಚೀನಾ ಚಿಕ್ಕ ದೇಶವಲ್ಲ. ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆಯಾದ ಗಾವ್‌ಕಾವ್‌ನಲ್ಲಿ 750ಕ್ಕೆ 150 ಅಂಕ ಇಂಗ್ಲಿಷ್‌ನದ್ದು. ಚೀನೀ ಭಾಷೆಗೂ ಗಣಿತಕ್ಕೂ ಅಷ್ಟೇ. ಮಾತಿನ ವಿಷಯದಲ್ಲಿ ಪ್ರಾಂತ್ಯಗಳು ತಮ್ಮ ತಮ್ಮ ದಾರಿ ಹಿಡಿದಿವೆ. ಗ್ವಾಂಗ್‌ಡಾಂಗ್‌ನಲ್ಲಿ 2011ರಿಂದ ಮಕ್ಕಳು ಕಂಪ್ಯೂಟರ್ ಮುಂದೆ ಕೂತು ವಿಡಿಯೊ ಜೊತೆ ಗಟ್ಟಿಯಾಗಿ ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ, ಕೇಳಿದ ಕತೆಯನ್ನು ಮತ್ತೆ ಹೇಳುತ್ತಾರೆ. ಎದುರಿಗೆ ಮನುಷ್ಯರಿಲ್ಲ, ಹಾಗಾಗಿ ಪರೀಕ್ಷಕರ ಮುಖ ನೋಡಿ ಅಂಕ ಬದಲಾಗುವ ಭಯವೂ ಇಲ್ಲ. ಆದರೆ ಮಾತು ಅನ್ನುವುದರ ಅರ್ಧ ಭಾಗ ಎದುರಿನವರು ಏನು ಹೇಳಿದರು ಎಂಬುದಕ್ಕೆ ತಿರುಗಿ ಹೇಳುವುದು. ಅದು ಅಲ್ಲಿ ಸಿಗುವುದಿಲ್ಲ.

ಚೀನಾದ ಬರವಣಿಗೆಯ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಜಜಿಯಾಂಗ್ ಪ್ರಾಂತ್ಯ 2016ರಲ್ಲಿ ತಂದದ್ದು. ಮಕ್ಕಳಿಗೆ ಸುಮಾರು 350 ಪದಗಳ ಅರ್ಧ ಕತೆ ಕೊಡುತ್ತಾರೆ, ಮುಂದಿನ ಎರಡು ಪ್ಯಾರಾಗಳ ಮೊದಲ ಸಾಲು ಕೊಡುತ್ತಾರೆ. ಸುಮಾರು 150 ಪದಗಳಲ್ಲಿ ಕತೆ ಮುಗಿಸಬೇಕು. ಕತೆ ಅರ್ಥವಾಗದಿದ್ದರೆ ಬರೆಯಲಾಗದು, ಬರೆಯಲು ಬಾರದಿದ್ದರೆ ಅರ್ಥವಾಗಿಯೂ ಉಪಯೋಗವಿಲ್ಲ. ಬಾಯಿಪಾಠದ ಪ್ರಬಂಧಕ್ಕೆ ಇಲ್ಲಿ ಜಾಗವಿಲ್ಲ ಎಂದೇ ಎಲ್ಲರೂ ಅಂದುಕೊಂಡರು. ಕೋಚಿಂಗ್‌ನವರು ಅದಕ್ಕೂ ಬಾಗಿಲು ಹುಡುಕಿದರು. ಕಣ್ಣೀರು ಬಂದಾಗ ಬರೆಯುವ ಸಾಲು, ಭಯವಾದಾಗ ಬರೆಯುವ ಸಾಲು, ಸೂರ್ಯೋದಯಕ್ಕೆ ಒಂದು ಸಾಲು ಎಂದು ಪಟ್ಟಿ ಮಾಡಿ ಕೊಟ್ಟರು. ಆದರೂ ಖಾಲಿ ಹಾಳೆಯ ಮೇಲೆ ಮಾಲಿನ್ಯದ ಬಗ್ಗೆ ಪ್ರಬಂಧ ಬರೆಸುವುದಕ್ಕಿಂತ ಇದು ಎಷ್ಟೋ ಮೇಲು.

ಅದೇ ಜಜಿಯಾಂಗ್‌ನಲ್ಲಿ ಇಂಗ್ಲಿಷ್ ಪರೀಕ್ಷೆಯನ್ನು ಎರಡು ಸಲ ಬರೆದು, ಜಾಸ್ತಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಒಂದೇ ದಿನದ ಮೇಲೆ ಬದುಕು ನಿಲ್ಲಬಾರದು ಎಂಬ ಒಳ್ಳೆಯ ಉದ್ದೇಶ. 2018ರ ನವೆಂಬರ್‌ನ ಪರೀಕ್ಷೆ ಹಿಂದಿನದಕ್ಕಿಂತ ಕಷ್ಟವಾಯಿತೆಂದು ಅಧಿಕಾರಿಗಳು ಕೆಲವು ಭಾಗಗಳ ಅಂಕವನ್ನು ಲೆಕ್ಕಾಚಾರದಿಂದ ಏರಿಸಿದರು. ಚೆನ್ನಾಗಿ ಮಾಡಿದ್ದ ಮಕ್ಕಳ ಮತ್ತು ಉಳಿದವರ ನಡುವಿನ ಅಂತರ ಕುಗ್ಗಿತು. ಪೋಷಕರು ಬೀದಿಗಿಳಿದರು, ತನಿಖೆಯಾಯಿತು, ಏರಿಸಿದ ಅಂಕವನ್ನು ರದ್ದು ಮಾಡಿ ಹಳೆಯ ಅಂಕವನ್ನೇ ಕೊಟ್ಟರು. ಕೊರಿಯಾದಲ್ಲಿ ಕಷ್ಟವನ್ನು ಸರಿಹೊಂದಿಸಲಿಲ್ಲ ಎಂದು ಗಲಾಟೆ, ಇಲ್ಲಿ ಸರಿಹೊಂದಿಸಿದರು ಎಂದು ಗಲಾಟೆ.

ಜರ್ಮನಿಯಲ್ಲಿ ಶಾಲೆ ಮುಗಿಸುವಾಗ ಬರೆಯುವ ಅಬಿಟೂರ್ ಪರೀಕ್ಷೆಯಲ್ಲಿ ಇರುವ ಒಂದು ಬಗೆಯ ಪ್ರಶ್ನೆಯನ್ನು ಹೇಳದೆ ಬಿಡಲಾರೆ. ಮಗುವಿಗೆ ಒಂದು ಜರ್ಮನ್ ಲೇಖನ ಕೊಡುತ್ತಾರೆ. ಜರ್ಮನ್ ಬಾರದ ಒಬ್ಬರಿಗೆ, ಒಂದು ನಿರ್ದಿಷ್ಟ ಕಾರಣಕ್ಕೆ, ಅದರಲ್ಲಿ ಬೇಕಾದಷ್ಟನ್ನು ಮಾತ್ರ ಇಂಗ್ಲಿಷ್‌ನಲ್ಲಿ ತಿಳಿಸಿ ಇಮೇಲ್‌ನಂಥದ್ದೇನಾದರೂ ಬರೆಯಬೇಕು. ಇದು ಅನುವಾದವಲ್ಲ. ಯಾರಿಗೆ ಏನು ಬೇಕು ಎಂದು ತೂಗಿ ನೋಡುವ ಕೆಲಸ. ನಿಘಂಟು ಪಕ್ಕದಲ್ಲೇ ಇರುತ್ತದೆ. ಮನೆಯ ಭಾಷೆಯನ್ನು ತರಗತಿಯ ಹೊರಗೆ ಬಿಟ್ಟು ಬನ್ನಿ ಎನ್ನುವ ಇಂಗ್ಲಿಷ್ ಪಾಠಕ್ಕಿಂತ ಇದು ನಿಜದ ಬದುಕಿಗೆ ಹತ್ತಿರ. ಎರಡು ಭಾಷೆ ಬಲ್ಲವರು ಕೆಲಸದ ಜಾಗದಲ್ಲಿ ದಿನವೂ ಮಾಡುವುದು ಇದನ್ನೇ.

ಹಾಗಾದರೆ ಪರೀಕ್ಷೆ ಬದಲಿಸಿದರೆ ಪಾಠ ಬದಲಾಗುತ್ತದೆಯೇ? ಬಹಳ ಜನ ಹಾಗೆ ನಂಬುತ್ತಾರೆ. ಶ್ರೀಲಂಕಾದಲ್ಲಿ 1980ರ ದಶಕದ ಕೊನೆಗೆ ಓ ಲೆವೆಲ್ ಇಂಗ್ಲಿಷ್ ಪರೀಕ್ಷೆಯನ್ನು ಹೊಸ ಪಠ್ಯಪುಸ್ತಕಗಳಿಗೆ ತಕ್ಕಂತೆ ಬದಲಿಸಿದರು. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ತರಗತಿಗಳನ್ನು ವೀಕ್ಷಿಸಿದ ಅಧ್ಯಯನವನ್ನು 1993ರಲ್ಲಿ ಪ್ರಕಟಿಸಿದರು. ಶಿಕ್ಷಕರು ಏನನ್ನು ಕಲಿಸುತ್ತಾರೆ ಎಂಬುದು ಪರೀಕ್ಷೆಯಿಂದ ಬದಲಾಗಿತ್ತು. ಹೇಗೆ ಕಲಿಸುತ್ತಾರೆ ಎಂಬುದು ಹೆಚ್ಚುಕಡಿಮೆ ಹಾಗೇ ಇತ್ತು. ಪರೀಕ್ಷೆಯಲ್ಲಿ ಇಲ್ಲದ್ದು ಪಾಠದಿಂದ ಬೇಗ ಹೊರಗೆ ಹೋಗುತ್ತದೆ. ಪರೀಕ್ಷೆಗೆ ಹೊಸದಾಗಿ ಬಂದದ್ದು ಮಾತ್ರ ಹಳೆಯ ರೀತಿಯಲ್ಲೇ ಒಳಗೆ ಬರುತ್ತದೆ. ಐವತ್ತು ಮಕ್ಕಳ ತರಗತಿಯಲ್ಲಿ, ತಾನೇ ಇಂಗ್ಲಿಷ್‌ನಲ್ಲಿ ಹೆಚ್ಚು ಮಾತಾಡಿ ಅಭ್ಯಾಸವಿಲ್ಲದ ಶಿಕ್ಷಕ ಬೇರೇನು ಮಾಡಿಯಾನು?

ಫಿನ್ಲೆಂಡ್ ಈ ವಾದವನ್ನು ಇನ್ನೊಂದು ಕಡೆಯಿಂದ ಅಲುಗಾಡಿಸುತ್ತದೆ. ಅಲ್ಲಿ ಶಾಲೆಯ ಕೊನೆಗೆ ಒಂದೇ ಒಂದು ದೊಡ್ಡ ರಾಷ್ಟ್ರೀಯ ಪರೀಕ್ಷೆ. 2019ರಿಂದ ಪೂರ್ತಿ ಕಂಪ್ಯೂಟರ್‌ನಲ್ಲಿ. ಉತ್ತರಗಳನ್ನು ಮೊದಲು ಸ್ವಂತ ಶಿಕ್ಷಕರು ತಿದ್ದುತ್ತಾರೆ, ಆಮೇಲೆ ಮಂಡಳಿಯ ಪರೀಕ್ಷಕರು. ಇಂಗ್ಲಿಷ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು ಎಲ್ಲ ಇದೆ. ಮಾತು ಇಲ್ಲ! ಹಾಗಿದ್ದೂ ಅಲ್ಲಿನ ಯುವಕರು ಇಂಗ್ಲಿಷ್ ಮಾತಾಡಲು ಹಿಂಜರಿಯುವವರಲ್ಲ. 2012ರಲ್ಲಿ ಬಂದ ಯುರೋಪಿನ ಒಂದು ಸಮೀಕ್ಷೆ ಇದಕ್ಕೆ ಸುಳಿವು ಕೊಡುತ್ತದೆ. ಫಿನ್ಲೆಂಡ್ ಅದರಲ್ಲಿ ಇರಲಿಲ್ಲ, ಪಕ್ಕದ ಸ್ವೀಡನ್ ಇತ್ತು. ಇಂಗ್ಲಿಷ್‌ನಲ್ಲಿ ಸ್ವತಂತ್ರವಾಗಿ ವ್ಯವಹರಿಸಬಲ್ಲ ಮಟ್ಟ ಮುಟ್ಟಿದ ಪ್ರೌಢಶಾಲಾ ಮಕ್ಕಳು ಸ್ವೀಡನ್ನಿನಲ್ಲಿ ಶೇ. 82, ಫ್ರಾನ್ಸ್‌ನಲ್ಲಿ ಶೇ. 14. ಇಷ್ಟು ದೊಡ್ಡ ಅಂತರ ಬರೀ ಪಾಠದಿಂದ ಬರಲಾರದು. ಫಿನ್ಲೆಂಡ್, ಸ್ವೀಡನ್‌ಗಳಲ್ಲಿ ಇಂಗ್ಲಿಷ್ ಸಿನಿಮಾ, ಧಾರಾವಾಹಿಗಳು ಮೂಲ ದನಿಯಲ್ಲೇ ಬರುತ್ತವೆ, ಕೆಳಗೆ ಅಕ್ಷರ ಓಡುತ್ತದೆ. ಫ್ರಾನ್ಸ್‌ನಲ್ಲಿ ಡಬ್ ಮಾಡುವುದೇ ರೂಢಿ. ಮನೆಯಲ್ಲಿ ದಿನಾ ಕಿವಿಗೆ ಬೀಳುವ ಭಾಷೆಗೆ ಪರೀಕ್ಷೆ ಇಲ್ಲದಿದ್ದರೂ ನಡೆಯುತ್ತದೆ. ಹಾಗೆ ಕಿವಿಗೆ ಬೀಳದ ಕಡೆ, ಶಾಲೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಫಿನ್ಲೆಂಡಿನ ಪ್ರಶ್ನೆಪತ್ರಿಕೆಯನ್ನು ನಕಲು ಮಾಡಿ ಅಂಥದೇ ಫಲ ಕಾಯುವುದು ದಡ್ಡತನ.

ದೇಶಗಳನ್ನು ನೇರವಾಗಿ ಹೋಲಿಸುವ ಹೊಸ ಪ್ರಯತ್ನವೂ ನಡೆದಿದೆ. ಹದಿನೈದರ ಮಕ್ಕಳ ಪಿಸಾ ಪರೀಕ್ಷೆಯಲ್ಲಿ, 2025ರ ಸುತ್ತಿನಿಂದ, ಬೇಕೆಂದ ದೇಶಗಳಿಗೆ ಇಂಗ್ಲಿಷ್ ಪರೀಕ್ಷೆ ಇದೆ. ಓದುವುದು, ಕೇಳುವುದು, ಮಾತು ಮೂರನ್ನೂ ಅಳೆಯುತ್ತಾರೆ. ಇಲ್ಲಿ ಮಾತಿಗೆ ಜಾಗ ಸಿಕ್ಕಿದ್ದು ಯಾಕೆ ಎಂದು ಕೇಳಿದರೆ, ಪಿಸಾದ ಅಂಕದಿಂದ ಯಾವ ಮಗುವಿಗೂ ಸೀಟು ಸಿಗುವುದಿಲ್ಲ, ತಪ್ಪುವುದೂ ಇಲ್ಲ. ಕೋರ್ಟಿಗೆ ಹೋಗುವವರಿಲ್ಲ, ಕೋಚಿಂಗ್ ನಡೆಸುವವರಿಲ್ಲ. ಬರವಣಿಗೆಯನ್ನು ಮಾತ್ರ ಈ ಸುತ್ತಿನಲ್ಲಿ ಬಿಟ್ಟಿದ್ದಾರೆ.

ಆ ಬರವಣಿಗೆಗೇ ಈಗ ಹೊಸ ಸಂಕಟ. ಸ್ವೀಡನ್, ನೆದರ್ಲೆಂಡ್ಸ್, ಹಾಂಗ್‌ಕಾಂಗ್ ಎಲ್ಲ ಕಡೆ ಶಿಕ್ಷಕರ ಅಂಕಕ್ಕೆ ಸ್ವಲ್ಪವಾದರೂ ಬೆಲೆ ಇದೆ. ಮಗು ಮನೆಯಿಂದ ಬರೆದು ತಂದದ್ದನ್ನು ನೋಡಿ ಅದರ ಮಟ್ಟ ತಿಳಿಯಬಹುದು ಎಂಬ ನಂಬಿಕೆ ಆ ಬೆಲೆಯ ಹಿಂದೆ ಇತ್ತು. ಎಐ ಬಂದ ಮೇಲೆ ಆ ನಂಬಿಕೆ ಉಳಿದಿಲ್ಲ. ಬರಹವನ್ನು ಶಾಲೆಯಲ್ಲೇ, ಕಣ್ಣೆದುರೇ ಬರೆಸಬೇಕು. ಇಲ್ಲವೇ ಬರೆದು ತಂದ ಮಗುವನ್ನು ಕೂರಿಸಿಕೊಂಡು ಐದು ನಿಮಿಷ ಅದರ ಬಗ್ಗೆ ಇಂಗ್ಲಿಷ್‌ನಲ್ಲೇ ಮಾತಾಡಬೇಕು. ಎರಡನೆಯದು ನಡೆದರೆ, ಸೀಟಿನ ಜಗಳದಲ್ಲಿ ಹೊರಗೆ ಹೋದ ಮಾತು ನಕಲು ಹಿಡಿಯುವ ನೆಪದಲ್ಲಿ ಒಳಗೆ ಬರಬಹುದು. ನನ್ನ ಮಟ್ಟಿಗೆ, ಡಚ್ಚರ ಹಾಗೆ ಅಂಕವನ್ನು ಎರಡು ಭಾಗ ಮಾಡಿ, ಶಾಲೆಯ ಭಾಗದಲ್ಲಿ ಈ ಐದು ನಿಮಿಷವನ್ನು ಕಡ್ಡಾಯ ಮಾಡುವುದು ಈಗ ಇರುವುದರಲ್ಲಿ ಒಳ್ಳೆಯ ದಾರಿ. ಅದರ ಖರ್ಚು ಬೀಳುವುದು ಶಿಕ್ಷಕರ ಸಮಯದ ಮೇಲೆ. ತರಗತಿಯಲ್ಲಿ ಐವತ್ತು ಮಕ್ಕಳಿದ್ದರೆ ಒಂದು ಸುತ್ತಿಗೇ ನಾಲ್ಕು ಗಂಟೆಗೂ ಜಾಸ್ತಿ ಬೇಕು. ಆ ಗಂಟೆಗಳನ್ನು ವೇಳಾಪಟ್ಟಿಯಲ್ಲಿ ಕೊಡದೆ ಮಾತಿಗೂ ಅಂಕ ಕೊಡಿ ಎಂದು ಸುತ್ತೋಲೆ ಕಳಿಸಿದರೆ, ಶಿಕ್ಷಕರು ಎಲ್ಲರಿಗೂ ಹತ್ತಕ್ಕೆ ಒಂಬತ್ತು ಬರೆದು ಕಳಿಸುತ್ತಾರೆ.